ಇಲ್ಲ ಎಂದಿಟ್ಟುಕೊಳ್ಳೋಣ

ಅಮ್ಮನ ಸ್ನಾನದ ನೀರು ಕಾಯುವಷ್ಟು ಹೊತ್ತು ಅವಳು ಅಡುಗೆಮನೆಯ ಕಿಟಕಿ ಗಾಜಿನ ಮೇಲೆ ಕೂತ ಹಬೆಯಲ್ಲಿ ಬೆರಳಿನಿಂದ ಬರೆಯುತ್ತಿದ್ದಳು. ಕ ಆದರೆ ಚ. ಅದರ ಕೆಳಗೆ, ಕ ಅಲ್ಲದಿದ್ದರೂ ಚ. ಈ ಎರಡು ಸಾಲು ಕೊಟ್ಟದ್ದು; ಸಾಧಿಸಿ ತೋರಿಸಬೇಕಾದದ್ದು ಚ. ಇಷ್ಟೇ. ಎಳೆ ಮಗುವನ್ನು ಕೇಳಿದರೂ ಹೌದಲ್ಲ, ಹೇಗಿದ್ದರೂ ಚ ತಾನೆ, ಎಂದೀತು. ಆದರೆ ತರ್ಕದ ಮೇಷ್ಟ್ರಿಗೆ ಹೌದಲ್ಲ ಎಂಬುದು ಸಾಲುವುದಿಲ್ಲ. ಕಣ್ಣಿಗೆ ಕಾಣುತ್ತದೆ ಎನ್ನುವುದು ನಿಯಮವಲ್ಲ ಎನ್ನುತ್ತಾರೆ ಅವರು. ಬೋರ್ಡಿನ ಮೇಲೆ ಬರೆದ ಒಂದೊಂದು ಸಾಲಿನ ಬಲಗಡೆಯೂ ಅದು ಯಾವ ಸಾಲಿನಿಂದ, ಯಾವ ನಿಯಮದಿಂದ ಬಂತು ಎಂದು ಬರೆಯಬೇಕು. ಬರೆಯದಿದ್ದರೆ ಸೀಮೆಸುಣ್ಣದ ತುದಿಯಿಂದ ಆ ಖಾಲಿ ಜಾಗವನ್ನು ಕುಟ್ಟಿ, ಎಲ್ಲಿಂದ ಬಂತು, ಎಂದು ಕೇಳುತ್ತಾರೆ. ಗದರಿಸುವುದಿಲ್ಲ. ಬಾಗಿಲಿಗೆ ಬಂದ ಅಪರಿಚಿತರನ್ನು ವಿಚಾರಿಸಿದ ಹಾಗೆ ಕೇಳುತ್ತಾರೆ, ಅದೇ ಅವಳಿಗೆ ತಡೆಯಲಾರದ್ದು. ಇವತ್ತು ಸಂಜೆ ಇದೇ ಎರಡು ಸಾಲನ್ನು ಹಿಡಿದು ಅವಳು ಬೋರ್ಡಿನ ಮುಂದೆ ನಿಲ್ಲಬೇಕು. ಪೂರ್ತಿ ಮಾಡಿ ತೋರಿಸಿದರೆ ಪರೀಕ್ಷೆಗೆ ಹೆಸರು ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಮುಂದಿನ ವರ್ಷ ನೋಡಿಕೊಳ್ಳೋಣ ಎನ್ನುವಂತೆಯೂ ಇಲ್ಲ; ಹೊಸದಾಗಿ ಸೇರುವವರೇ ಇಲ್ಲವೆಂದು ಈ ತಂಡದೊಂದಿಗೆ ಸಂಜೆ ತರಗತಿಯನ್ನೇ ಮುಚ್ಚುತ್ತಾರಂತೆ. ಸ್ಕೂಲು ಅರ್ಧಕ್ಕೆ ಬಿಟ್ಟವರಿಗೆ ಊರಿನಲ್ಲಿ ಉಳಿದಿದ್ದ ಬಾಗಿಲು ಅದೊಂದೇ. ಉಳಿದ ವಿಷಯಗಳಲ್ಲೆಲ್ಲ ಅವಳು ಏಗಿ ಏಗಿ ಹೇಗೋ ದಾಟಿದ್ದಳು. ಕತ್ತಿನವರೆಗೆ ನೀರಿದ್ದಲ್ಲಿ ಈಜಿ ಬಂದವಳು ದಡದ ಹತ್ತಿರ, ಮೊಣಕಾಲು ಮುಳುಗದ ನೀರಿನಲ್ಲಿ, ಕಾಲು ಸಿಕ್ಕಿಸಿಕೊಂಡು ನಿಂತಿದ್ದಳು. ಗಾಜಿನ ಮೇಲೆ ಚ ಎಂಬ ಅಕ್ಷರದ ಹೊಟ್ಟೆಯಿಂದ ಒಂದು ಹನಿ ಒಡೆದು ಕೆಳಗೆ ಜಾರಿತು. ಒಳಗಿನಿಂದ ಅಮ್ಮ, ನೀರು ಕಾಯುತ್ತಿದೆಯೋ ಇಲ್ಲ ಆವಿಯಾಗಿ ಮೋಡ ಸೇರಿಕೊಂಡಿತೋ ಎಂದು ಕೂಗಿ ಕೇಳಿದಳು.

ಲಕ್ವ ಹೊಡೆದು ಅಮ್ಮನ ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು. ನಾಲಿಗೆ ಮಾತ್ರ ಅರ್ಧ ಮೈಯ ಪಾಲನ್ನೂ ತಾನೇ ವಹಿಸಿಕೊಂಡಂತೆ ಚುರುಕಾಗಿತ್ತು. ಅವಳನ್ನು ಮರದ ಕುರ್ಚಿಯ ಮೇಲೆ ಕೂರಿಸಿ, ಬೆನ್ನಿಗೆ ನೀರು ಹಾಕುವಾಗ ಸಾಮಾನ್ಯವಾಗಿ ಇಬ್ಬರೂ ಮಾತಾಡುತ್ತಿರಲಿಲ್ಲ. ಅದೊಂದು ಹೊತ್ತು ಅಮ್ಮನಿಗೂ ಸಂಕೋಚ. ಇವತ್ತು ಮಾತ್ರ ಅಮ್ಮ ತಲೆ ಬಗ್ಗಿಸಿಕೊಂಡೇ, ನಿನ್ನ ಬೋರ್ಡು ಇವತ್ತೇ ತಾನೆ ಎಂದಳು. ಅವಳು ಹೂಂ ಎಂದಳು. ಆಮೇಲೆ, ಅಮ್ಮ ಕೇಳಿಸಿಕೊಳ್ಳಲಿ ಎಂದೋ ಬೇಡವೆಂದೋ ತಿಳಿಯದಷ್ಟು ಮೆಲ್ಲಗೆ, ಸಂಜೆ ನಿನಗೆ ಮಾತ್ರೆ ಕೊಡುವ ಹೊತ್ತಿಗೆ ಬರುವುದು ತಡವಾಗುತ್ತದೆ, ಹೋಗದಿದ್ದರೂ ನಡೆಯುತ್ತದೆ, ಎಂದು ಸೇರಿಸಿದಳು.

"ನನ್ನ ನೆಪ ಹೇಳಬೇಡ ಕಣೇ," ಎಂದಳು ಅಮ್ಮ. "ನಾನಿದ್ರೆ ನೀನು ಓದ್ತೀಯ. ನಾನಿಲ್ಲದಿದ್ರೂ ಓದ್ತೀಯ. ಬೆನ್ನು ಸರಿಯಾಗಿ ಉಜ್ಜು."

"ಹಾಗೆಲ್ಲ ಅನ್ನಬೇಡಮ್ಮ."

"ಅಂದ ತಕ್ಷಣ ಆಗಿಹೋಗೋ ಹಾಗಿದ್ರೆ ನಾನು ಯಾವತ್ತೋ ರಾಣಿ ಆಗಿರ್ತಿದ್ದೆ."

ಅಮ್ಮನಿಗೆ ಹಾಗೆ ಅನ್ನುವುದು ಸುಲಭ. ಅಂದದ್ದು ಆಗಿಬಿಡುತ್ತದೆ ಎಂಬುದನ್ನು ಮಗಳು ಒಂದು ಮಧ್ಯಾಹ್ನ ಕಣ್ಣಾರೆ, ಅಲ್ಲ, ಕಿವಿಯಾರೆ ಕಂಡಿದ್ದಳು. ಅಮ್ಮ ಹಾಸಿಗೆ ಹಿಡಿದ ಹೊಸತು. ಇವಳು ಹಿತ್ತಲ ನಲ್ಲಿಯ ಕೆಳಗೆ ಕೂತು ಹಾಸಿಗೆಯ ಬಟ್ಟೆ ಹಿಂಡುತ್ತಿದ್ದಳು. ಕಾಂಪೌಂಡಿನ ಆಚೆ ಅವಳು ಬಿಟ್ಟುಬಂದ ಸ್ಕೂಲಿನ ತರಗತಿಯ ಹುಡುಗಿಯರು ನಗುತ್ತ ಹೋಗುತ್ತಿದ್ದರು. ಗೋಡೆಯ ಮೇಲೆ ಅವರ ತಲೆಗಳು ಮಾತ್ರ ತೇಲಿ ಹೋದ ಹಾಗೆ ಕಾಣುತ್ತಿತ್ತು. ಒಬ್ಬಳೂ ಇತ್ತ ತಿರುಗಲಿಲ್ಲ. ಅಥವಾ ಒಬ್ಬಳು ತಿರುಗಿ, ಕೈಯಲ್ಲಿನ ಬಟ್ಟೆ ಏನೆಂದು ತಿಳಿದು, ಬೇಗ ಮುಖ ಆ ಕಡೆ ಮಾಡಿದಳು. ಆಗ, ಅಮ್ಮ ಇಲ್ಲ ಅಂತ ಇಟ್ಟುಕೊಂಡರೆ, ಎಂಬ ಮಾತು ಅವಳೊಳಗೆ ಅರ್ಧ ಎದ್ದಿತು. ಅರ್ಧವೇ. ಅಷ್ಟರಲ್ಲಿ ಮನೆಯೊಳಗೆ ಧೊಪ್ಪೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಅಮ್ಮ ಮಂಚದಿಂದ ಉರುಳಿ ನೆಲದ ಮೇಲಿದ್ದಳು, ಹುಬ್ಬಿನ ಮೇಲೆ ಗಾಯ, ಬಾಯ್ತುಂಬ ಮಂಚಕ್ಕೂ ಮಂಚ ಮಾಡಿದ ಬಡಗಿಗೂ ಬೈಗುಳ. ಏನೂ ಆಗಿರಲಿಲ್ಲ. ಗಾಯ ಒಂದು ವಾರಕ್ಕೆ ಮಾಯಿತು. ಆದರೆ ಆ ಯೋಚನೆಯೂ ಆ ಸದ್ದೂ ಒಂದಕ್ಕೊಂದು ಹೊಲಿದುಕೊಂಡು ಹೋದವು. ಅಂದಿನಿಂದ ಅವಳು ಅಂಥ ಮಾತಿನ ಹತ್ತಿರ ಬಂದರೆ ಸಾಕು, ಬೀದಿ ನಾಯಿಯನ್ನು ಕಂಡವರ ಹಾಗೆ ದೂರದಿಂದಲೇ ಬೇರೆ ದಾರಿ ಹಿಡಿಯುತ್ತಿದ್ದಳು. ಮೆಲ್ಲಗೆ ಮಾತಾಡುವವಳು ಇನ್ನೂ ಮೆಲ್ಲಗಾದಳು. ಯಾರಿಗೆ ಗೊತ್ತು, ಯಾವ ಮಾತಿನ ತುದಿಯಲ್ಲಿ ಏನು ಬಿದ್ದೀತು.

ಅಕ್ಷರಗಳೆಂದರೆ ಖಾಲಿ ಪಾತ್ರೆ, ನಿಮಗೆ ಬೇಕಾದದ್ದನ್ನು ತುಂಬಿ ನೋಡಿ, ಆಗ ತಿಳಿಯುತ್ತದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಪಕ್ಕದ ಬೆಂಚಿನ ಬಸ್ ಕಂಡಕ್ಟರ್ ತನ್ನ ಪಾತ್ರೆಗೆ ಡೀಸೆಲ್ ತುಂಬಿಸಿದ: ಡೀಸೆಲ್ ಇದ್ದರೆ ಬಸ್ಸು ಹೊರಡುತ್ತದೆ. ಮುಂದಿನ ಬೆಂಚಿನ ನರ್ಸಮ್ಮ ಜ್ವರ ತುಂಬಿಸಿದಳು. ಅವಳು ಏನನ್ನೂ ತುಂಬಿಸಲು ಹೋಗಿರಲಿಲ್ಲ. ಆದರೆ ಈ ಎರಡು ಸಾಲು ಮೊದಲ ಸಲ ಬೋರ್ಡಿಗೆ ಬಂದಾಗ, ಯಾರೂ ಕರೆಯದೆ, ಅಮ್ಮ ಬಂದು ಕ ಎಂಬ ಅಕ್ಷರದಲ್ಲಿ ಕೂತುಬಿಟ್ಟಳು. ಅಮ್ಮ ಇದ್ದರೆ ನಾನು ಓದುತ್ತೇನೆ. ಅಮ್ಮ ಇಲ್ಲದಿದ್ದರೂ ನಾನು ಓದುತ್ತೇನೆ. ಬೇರೆ ಏನಾದರೂ ತುಂಬಲು ಅವಳು ಎಷ್ಟು ಹೆಣಗಿದಳು. ಮೋಡ, ಬೀಗದ ಕೈ, ಸೋದರಮಾವನ ಅಂಗಡಿಯ ಇಸ್ತ್ರಿಪೆಟ್ಟಿಗೆ. ಯಾವುದನ್ನು ಸುರಿದರೂ ತಳಕ್ಕೆ ಅಂಟಿದ ಸೀದ ಅನ್ನದ ಹಾಗೆ ಅಮ್ಮ ಅಲ್ಲಿಯೇ. ಅಮ್ಮ ಕೂತ ಅಕ್ಷರದ ಪಕ್ಕದಲ್ಲಿ ಅಲ್ಲ ಎಂದು ಬರೆಯುವುದಾದರೂ ಹೇಗೆ? ಈ ಲೆಕ್ಕಕ್ಕೆ ದಾರಿ ಒಂದೇ ಎಂದು ಅವಳಿಗೆ ಗೊತ್ತಿತ್ತು. ಮೇಷ್ಟ್ರು ಅದನ್ನು ಕತೆ ಹೇಳುವವರ ಹಾಗೆ ಹೇಳಿದ್ದರು: ನಿಮಗೆ ಬೇಡವಾದದ್ದನ್ನೇ ಒಳಗೆ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ, ಮಾತಾಡಿಸಿ, ಸುಳ್ಳಾಗಿದ್ದರೆ ಅದು ತನ್ನ ಬಾಯಿಂದಲೇ ತಾನು ಸುಳ್ಳೆಂದು ಹೇಳಿ ಎದ್ದು ಹೋಗುತ್ತದೆ. ಎಲ್ಲರೂ ತಲೆಯಾಡಿಸಿದ್ದರು. ಕರೆದವರು ಎದ್ದು ಹೋಗದಿದ್ದರೆ ಎಂದು ಕೇಳಬೇಕೆಂದು ಅವಳಿಗೆ ಅನ್ನಿಸಿತು. ಕೇಳಲಿಲ್ಲ.

ಮಾವನ ಕೋಟು ಹೊಲಿಯುವ ಅಂಗಡಿ ಬೀದಿಯ ತಿರುವಿನಲ್ಲಿತ್ತು. ಮೊದಲು ಅಮ್ಮ ಕೂರುತ್ತಿದ್ದ ಜಾಗದಲ್ಲಿ, ಕಿಟಕಿಯ ಪಕ್ಕ, ಈಗ ಅವಳು ಕೂರುತ್ತಿದ್ದಳು. ಸ್ಟೂಲಿನ ಮೇಲಿನ ತಗ್ಗು ಅಮ್ಮನದೇ. ಬೆಳಿಗ್ಗೆ ಮೊದಲ ಗಿರಾಕಿ ಒಬ್ಬ ಎತ್ತರದ ಮನುಷ್ಯ, ಹೊಸ ಕೆಲಸಕ್ಕೆ ಸೇರುವವನು, ಕೋಟಿನ ಅಳತೆ ನೋಡಲು ಬಂದಿದ್ದ. ಒಂದು ತೋಳು ಕೂಡಿಸಿ ಇನ್ನೊಂದು ಕೂಡಿಸದ ಕಪ್ಪು ಕೋಟನ್ನು ತೊಟ್ಟು ಮೂರು ಮಡಿಕೆಯ ಕನ್ನಡಿಯ ಮುಂದೆ ನಿಂತವನು, ಎದೆಯ ಮೇಲೆ, ಕತ್ತಿನ ಸುತ್ತ, ಬೆನ್ನಿನ ನಡುವೆ ಉದ್ದುದ್ದ ಓಡಿದ ಬಿಳಿ ದಾರದ ಹೊಲಿಗೆಗಳನ್ನು ನೋಡಿ ಗಾಬರಿಯಾದ. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವನ ಕಾಲ ಬಳಿ ಮಂಡಿಯೂರಿದ್ದಳು. ಇದೇನು ಇಷ್ಟು ಒರಟು ಹೊಲಿಗೆ, ಹೀಗೇ ಹಾಕಿಕೊಂಡು ಆಫೀಸಿಗೆ ಹೋಗಬೇಕೇ ಎಂದು ಅವನು ಅವಳ ನೆತ್ತಿಯನ್ನು ಕೇಳಿದ. ಉತ್ತರ ಅವಳಿಗೆ ಗೊತ್ತಿತ್ತು. ಅಮ್ಮ ಅದನ್ನು ದಿನಕ್ಕೆ ನಾಲ್ಕು ಸಲ ಹೇಳುವುದನ್ನು ಕೇಳುತ್ತಲೇ ಬೆಳೆದವಳು. ಪಿನ್ನು ತೆಗೆದಳು, ಬಾಯಿ ತೆರೆದಳು, ಮತ್ತೆ ಪಿನ್ನನ್ನೇ ಕಚ್ಚಿಕೊಂಡಳು. ಕತ್ತರಿಸುವ ಮೇಜಿನ ಕಡೆಯಿಂದ ಮಾವನೇ ಕೂಗಿದ.

"ಅದು ಕಚ್ಚಾ ಹೊಲಿಗೆ ಸಾರ್. ಇರೋದೇ ಕೀಳೋದಕ್ಕೆ. ನಮ್ಮ ಇಲಿ ಬಾಯಿ ಬಿಡಲ್ಲ, ಹಲ್ಲು ಮಾತ್ರ ಚುರುಕು. ಅಳತೆ ಮುಗೀಲಿ, ಹೇಗೆ ಕಿತ್ತು ಬಿಸಾಕ್ತಾಳೆ ನೋಡ್ತಿರಿ."

ಗಿರಾಕಿ ನಕ್ಕ. ಅವಳೂ ನಗುವ ಹಾಗೆ ತುಟಿ ಮಾಡಿದಳು. ಇಲಿ ಎಂಬ ಹೆಸರಿನಿಂದ ಅವಳಿಗೆ ಬೇಸರವಿರಲಿಲ್ಲ. ಮಾವ ಪ್ರೀತಿಯಿಂದಲೇ ಕರೆಯುತ್ತಿದ್ದ. ಬೇಸರವಾದದ್ದು, ಕೋಟಿನ ಆ ಹೊಲಿಗೆ ಅವಳದ್ದೇ, ಅದನ್ನು ಸಮರ್ಥಿಸಿಕೊಳ್ಳಬೇಕಾದ ಬಾಯಿ ಮಾತ್ರ ಇನ್ನೊಬ್ಬರದ್ದು ಎಂಬುದು. ಮಧ್ಯಾಹ್ನವೆಲ್ಲ ಅವಳು ತಯಾರಾದ ಇನ್ನೊಂದು ಕೋಟಿನ ಬಿಳಿ ದಾರ ಕೀಳುತ್ತ ಕೂತಳು. ಇಡೀ ಅಂಗಡಿಯಲ್ಲಿ ಅವಳಿಗೆ ಇಷ್ಟವಾದ ಕೆಲಸ ಅದೇ. ಒಂದು ತುದಿಯನ್ನು ಸೂಜಿಯಿಂದ ಎಬ್ಬಿಸಿ, ಉಗುರಿನಲ್ಲಿ ಹಿಡಿದು ಎಳೆದರೆ, ಅದೃಷ್ಟವಿದ್ದರೆ ಇಡೀ ದಾರ ಒಂದೇ ಎಳೆಯಾಗಿ ಸರ್ರನೆ ಬಂದುಬಿಡುತ್ತದೆ. ಕೆಳಗೆ ನಿಜವಾದ ಹೊಲಿಗೆ, ಕಪ್ಪಿನ ಮೇಲೆ ಕಪ್ಪು, ಕಾಣದ ಹಾಗೆ, ಗಟ್ಟಿಯಾಗಿ ನಿಂತಿರುತ್ತದೆ. ಸೂಜಿ ಹೋದ ಸಣ್ಣ ಸಣ್ಣ ತೂತುಗಳು ಮಾತ್ರ ಉಳಿಯುತ್ತವೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಅವೂ ಇಲ್ಲ. ಚಿಕ್ಕವಳಿದ್ದಾಗ ಒಮ್ಮೆ, ಬಿಳಿ ದಾರ ಕಪ್ಪು ಬಟ್ಟೆಯ ಮೇಲೆ ಅಸಹ್ಯವಾಗಿ ಕಾಣುತ್ತದೆಂದು, ಅಮ್ಮನನ್ನು ಮೆಚ್ಚಿಸಲು ಕಚ್ಚಾ ಹೊಲಿಗೆಯನ್ನು ಕಪ್ಪು ದಾರದಲ್ಲಿ ಹಾಕಿಟ್ಟಿದ್ದಳು. ಕೀಳುವ ಹೊತ್ತಿಗೆ ಯಾವುದು ಯಾವುದೆಂದು ತಿಳಿಯದೆ ಅಮ್ಮನ ಕೈ ನಿಜವಾದ ಹೊಲಿಗೆಯನ್ನೇ ಕಿತ್ತಿತು, ಕೋಟಿನ ಭುಜ ಬಾಯಿ ಬಿಟ್ಟಿತು. ಅಮ್ಮ ಹೊಡೆಯಲಿಲ್ಲ. ಸುಳ್ಳು ಹೊಲಿಗೆ ನಿಜದ ಬಣ್ಣ ಹಾಕಿಕೊಳ್ಳಬಾರದು ಮಗಳೇ, ಎಂದಿದ್ದಳು. ಎದ್ದು ಕಾಣಬೇಕು, ಆಗ ಯಾರೂ ಅದನ್ನು ನಂಬಿ ಮೋಸಹೋಗುವುದಿಲ್ಲ. ದಾರ ಎಳೆಯುತ್ತಿದ್ದವಳ ಮನಸ್ಸಿನಲ್ಲಿ ಇದೆಲ್ಲ ಹಾದುಹೋಯಿತೇ ಹೊರತು ನಿಲ್ಲಲಿಲ್ಲ. ಅಲ್ಲಿ ನಿಂತಿದ್ದದ್ದು ಸಂಜೆ. ಗಡಿಯಾರವನ್ನು ನೋಡಬಾರದೆಂದು ಇಸ್ತ್ರಿಪೆಟ್ಟಿಗೆಯನ್ನು ನೋಡುತ್ತಿದ್ದಳು.

ಹೊರಡುವಾಗ ಮಾವ ಕತ್ತರಿ ಕೆಳಗಿಡದೆಯೇ, ಗೆದ್ದು ಬಂದರೆ ಈ ಅಂಗಡಿಯೇ ನಿನ್ನದು, ಸೋತು ಬಂದರೆ ನಾಳೆ ಆ ಕೋಟಿನ ಗುಂಡಿಯೆಲ್ಲ ನೀನೇ ಹಾಕು ಎಂದ. ಗೆದ್ದರೂ ಸೋತರೂ ಗುಂಡಿ ಹಾಕುವವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಬೀದಿಗಿಳಿದ ಮೇಲೆ ಅವಳಿಗೆ ಸ್ವಲ್ಪ ನಗು ಬಂತು. ಮುಂದಿನ ತಿರುವಿನಲ್ಲಿ ಅದು ಹೋಯಿತು. ಔಷಧಿ ಅಂಗಡಿ, ಬೀಗ ರಿಪೇರಿಯವನ ಗೂಡು, ಮುಚ್ಚಿದ ಸಿನೆಮಾ ಮಂದಿರದ ಮೆಟ್ಟಿಲು. ಈ ಮೆಟ್ಟಿಲ ಮೇಲೆ ಕೂತು ಹೊತ್ತು ಕಳೆದು, ಆಮೇಲೆ ಮನೆಗೆ ಹೋಗಿ, ಮೇಷ್ಟ್ರು ಬರಲಿಲ್ಲ ಎಂದರೆ? ಅಮ್ಮ ನಂಬುತ್ತಾಳೆ. ನಂಬುವುದಿಲ್ಲ. ನಂಬಿದ ಹಾಗೆ ಮಾಡುತ್ತಾಳೆ, ಅದು ಇನ್ನೂ ಕಷ್ಟ. ಕಾಲು ನಡೆಯುತ್ತಲೇ ಇತ್ತು. ಹೋದ ವಾರವೂ ಇದೇ ದಾರಿಯಲ್ಲಿ, ಆದರೆ ತಿರುಗಿ ಬರುವ ದಿಕ್ಕಿನಲ್ಲಿ, ಗೋಡೆಗೆ ಹತ್ತಿಕೊಂಡ ಹಾಗೆ ನಡೆದಿದ್ದಳು. ಅವತ್ತು ಬೋರ್ಡಿನ ಮೇಲೆ ಕೊಟ್ಟ ಎರಡು ಸಾಲು ಬರೆದು, ಮೂರನೆಯದಾಗಿ ಕ ಎಂದು ಒಂದೇ ಒಂದು ಅಕ್ಷರ ಬರೆದಿದ್ದಳು. ಅಮ್ಮ ಇದ್ದಾಳೆ. ಅಷ್ಟೇ. ಅದಕ್ಕೆ ಕಾರಣ ಬೇಕೇ? ಮೇಷ್ಟ್ರು ಸೀಮೆಸುಣ್ಣದಿಂದ ಕುಟ್ಟಿದರು: ಇದು ಎಲ್ಲಿಂದ ಬಂತು? ಟಿಕೆಟ್ ಇಲ್ಲದೆ ಹತ್ತಿದೆ ಸಾರ್, ಎಂದ ಕಂಡಕ್ಟರ್. ಇಡೀ ತರಗತಿ ನಕ್ಕಿತು, ಹಿಂದಿನ ಬೆಂಚಿನಲ್ಲಿ ದಿನವೂ ನಿದ್ದೆ ಹೋಗುವ ಬೇಕರಿಯವನೂ ಎದ್ದು ಯಾಕೆಂದು ತಿಳಿಯದೆ ನಕ್ಕ. ಮೇಷ್ಟ್ರು ನಗಲಿಲ್ಲ. ಅವಳ ಕ ಎಂಬ ಅಕ್ಷರವನ್ನು ಡಸ್ಟರಿನಿಂದ ಅಳಿಸಿದರು, ಅಷ್ಟೇನೂ ಗಟ್ಟಿಯಾಗಿ ಒರೆಸದೆ. ಅದರ ಬೂದು ನೆರಳು ತರಗತಿ ಮುಗಿಯುವವರೆಗೂ ಅಲ್ಲೇ ಇತ್ತು, ಅವಳು ಅದನ್ನೇ ನೋಡುತ್ತಿದ್ದಳು.

ತರಗತಿಯ ಕೋಣೆ ಹಗಲಲ್ಲಿ ಚಿಕ್ಕ ಮಕ್ಕಳದ್ದು. ದೊಡ್ಡವರ ಮೊಣಕಾಲು ಬೆಂಚಿನ ಕೆಳಗೆ ಹಿಡಿಸದೆ ಎಲ್ಲರೂ ಅಡ್ಡಡ್ಡ ಕೂರುತ್ತಿದ್ದರು. ಟ್ಯೂಬ್‌ಲೈಟ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕಂಡಕ್ಟರ್ ಅವಳಿಗೆ ದಾರಿ ಬಿಡಲು ಎದ್ದು ನಿಂತು, ತಂಗೀ, ಹೋದ ಸಲ ನಾನು ಹಾಗೆ ಅನ್ನಬಾರದಿತ್ತು, ಬಾಯಿಚಟ, ಎಂದು ಗೊಣಗಿದ. ಅವಳು ಪರವಾಗಿಲ್ಲ ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಮೇಷ್ಟ್ರು ಕೆಮ್ಮಿ, ಕತ್ತಿನ ಮಫ್ಲರ್ ಸರಿಮಾಡಿಕೊಂಡು, ಮೊದಲು ನರ್ಸಮ್ಮನನ್ನು ಕರೆದರು. ಅವಳು ಇಂಜೆಕ್ಷನ್ ಕೊಟ್ಟಷ್ಟು ಹೊತ್ತಿನಲ್ಲಿ ಮುಗಿಸಿ ಬಂದು ಕೂತಳು. ಕಂಡಕ್ಟರ್ ಎಡವಿ, ಅಳಿಸಿ, ಬೆವರಿ, ಗೆದ್ದ. ಆಮೇಲೆ ಮೇಷ್ಟ್ರು ಅವಳ ಕಡೆ ತಿರುಗಿ, ಬನ್ನಿ ಅಮ್ಮ, ಎಂದರು.

ಬೋರ್ಡು ಹತ್ತಿರದಿಂದ ಕಪ್ಪಲ್ಲ. ಹಳೆಯ ಅಕ್ಷರಗಳ ಮೇಲೆ ಹಳೆಯ ಅಕ್ಷರ ಒರೆಸಿ ಒರೆಸಿ ಮಸುಕಾಗಿ, ತುಂಬ ಸಲ ಒಗೆದ ಕಪ್ಪು ಬಟ್ಟೆಯ ಹಾಗಿತ್ತು. ಅವಳು ಒಂದು ಎಂದು ಹಾಕಿ, ಕ ಆದರೆ ಚ ಎಂದು ಬರೆದಳು. ಬಲಗಡೆ, ಕೊಟ್ಟದ್ದು. ಎರಡು, ಕ ಅಲ್ಲದಿದ್ದರೂ ಚ. ಕೊಟ್ಟದ್ದು. ಬೆಳಿಗ್ಗೆ ಅಮ್ಮ ಬಚ್ಚಲಿನಲ್ಲಿ ಕೊಟ್ಟದ್ದು ಇದೇ ಎರಡು, ಇದೇ ಕ್ರಮದಲ್ಲಿ, ಎಂಬುದು ಆಗ ಹೊಳೆಯಿತು. ಅವಳ ಕೈ ಅಲ್ಲಿ ನಿಂತಿತು. ಮೂರು ಎಂದು ಹಾಕಿತು, ಮತ್ತೆ ನಿಂತಿತು. ಹಿಂದೆ ಯಾರೋ ಪೆನ್ನಿನ ಗುಂಡಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತಿದ್ದರು. ಬಿಟ್ಟುಬಿಡೋಣ, ತಿರುಗಿ ಹೋಗಿ ಕೂರೋಣ, ನಾಳೆಯಿಂದ ಗುಂಡಿ ಹಾಕೋಣ. ಕಾಂಪೌಂಡಿನ ಮೇಲೆ ತೇಲಿಹೋದ ತಲೆಗಳಲ್ಲಿ ಒಂದು ಈಗ ಅವಳ ಹಿಂದೆ ಕೂತಿರಬಹುದು ಎನ್ನಿಸಿ ಬೆನ್ನು ಉರಿಯಿತು. ಕ ಎಂಬಲ್ಲಿ ಅಮ್ಮ ಕೂತಿದ್ದಳು, ಒದ್ದೆ ಕೂದಲು, ಬಗ್ಗಿಸಿದ ತಲೆ. ಅಂದ ತಕ್ಷಣ ಆಗಿಹೋಗುವ ಹಾಗಿದ್ದರೆ.

"ನಿಧಾನ," ಎಂದರು ಮೇಷ್ಟ್ರು. "ನಾನು ಕಾಯ್ತೀನಿ."

ಬಾಗಿಲಿನ ಹತ್ತಿರದ ಕುರ್ಚಿ ಎಳೆದುಕೊಂಡು ನಿಜವಾಗಿಯೂ ಕೂತರು. ಕಾಯುತ್ತೇನೆ ಎಂದು ಇದುವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಎಲ್ಲರಿಗೂ ಕಾದವಳು. ಬೇಡವಾದದ್ದನ್ನು ಕರೆದು ಕೂರಿಸುವ ಮೊದಲು ಅದಕ್ಕೊಂದು ಪೆಟ್ಟಿಗೆ ಎಳೆಯಬೇಕು, ಎಡಗಡೆ ಉದ್ದಕ್ಕೆ ಒಂದು ಗೆರೆ, ಒಳಗಿನದ್ದು ಒಳಗೇ ಇರಲಿ ಎಂದು. ಎಳೆಯುವುದರಿಂದ ಏನಾಗುತ್ತದೆ, ಬರೀ ಗೆರೆ. ಅವಳು ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿ ಕೆಳಕ್ಕೆಳೆದಳು. ಸೀಮೆಸುಣ್ಣ ಒಂದೇ ಸಮನಾಗಿ ಹಿಡಿಯದೆ ಅಲ್ಲಲ್ಲಿ ಬಿಟ್ಟುಬಿಟ್ಟು, ಉದ್ದುದ್ದ ಹೆಜ್ಜೆಯಲ್ಲಿ ಓಡಿತು. ಕಪ್ಪಿನ ಮೇಲೆ ಬಿಳಿ. ಅವಳು ಒಂದು ಕ್ಷಣ ಅದನ್ನು ನೋಡಿದಳು. ಕೈಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಇದು ಅವಳ ಹೊಲಿಗೆ. ದಿನವೂ ಹಾಕುವ, ದಿನವೂ ಕೀಳುವ ಹೊಲಿಗೆ. ಎದ್ದು ಕಾಣಲೆಂದೇ ಬಿಳಿ ದಾರದಲ್ಲಿ ಹಾಕಿದ್ದು. ಇಷ್ಟು ವರ್ಷ ಅವಳು ತನ್ನೊಳಗಿನ ಒಂದು ಅರ್ಧ ಮಾತನ್ನು ಕಪ್ಪು ದಾರದಲ್ಲಿ ಹಾಕಿಟ್ಟುಕೊಂಡು, ಯಾವುದು ಇಟ್ಟುಕೊಂಡದ್ದು ಯಾವುದು ನಿಜ ಎಂದು ತಿಳಿಯದೆ, ಮುಟ್ಟಲು ಹೆದರಿ, ಭುಜ ಬಾಯಿ ಬಿಟ್ಟ ಕೋಟಿನ ಹಾಗೆ ಓಡಾಡಿದ್ದಳು. ಮಂಚ ಸಣ್ಣದಿತ್ತು, ಅಮ್ಮ ಮಗ್ಗುಲಾಗಲು ಹೋದಳು, ಬಿದ್ದಳು. ಆ ಸದ್ದಿನ ಬಲಗಡೆ ಬರೆಯಬೇಕಾದದ್ದು ಅಷ್ಟೇ. ಅದು ಅವಳ ಮಾತಿನಿಂದ ಬಂತೆಂಬುದಕ್ಕೆ ಯಾವ ಸಾಲಿನ ಆಧಾರವೂ ಇರಲಿಲ್ಲ, ಟಿಕೆಟ್ಟೇ ಇಲ್ಲದೆ ಹತ್ತಿ ಇಷ್ಟು ದೂರ ಬಂದಿತ್ತು.

ಮೂರು. ಗೆರೆಯ ಒಳಗೆ ಬರೆದಳು: ಚ ಅಲ್ಲ ಎಂದಿಟ್ಟುಕೊಳ್ಳೋಣ. ನಾನು ಓದುವುದಿಲ್ಲ ಎಂದಿಟ್ಟುಕೊಳ್ಳೋಣ. ಇಟ್ಟುಕೊಂಡರೆ, ಒಂದನೆಯ ಸಾಲು ಏನು ಹೇಳುತ್ತದೆ? ಕ ಇದ್ದಿದ್ದರೆ ಚ ಇರುತ್ತಿತ್ತು, ಚ ಇಲ್ಲ, ಹಾಗಾದರೆ. ನಾಲ್ಕು ಎಂದು ಹಾಕಿದಳು. ಕ ಎಂದು ಬರೆದಳು. ಅದರ ಮುಂದೆ, ಅಕ್ಷರಗಳನ್ನು ಪೂರ್ತಿ ದುಂಡಗೆ, ಅಲ್ಲ ಎಂದು ಬರೆದಳು. ಬರೆದು, ಸದ್ದಿಗೆ ಕಿವಿಗೊಟ್ಟಳು. ಟ್ಯೂಬ್‌ಲೈಟ್ ಗುಂಯ್‌ಗುಟ್ಟಿತು. ಹೊರಗೆ ಬಸ್ಸೊಂದು ಗೇರ್ ಬದಲಿಸಿತು. ಬೇಕರಿಯವನು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಎಲ್ಲಿಯೂ ಏನೂ ಬೀಳಲಿಲ್ಲ. ಬೋರ್ಡಿನ ಮೇಲೆ, ಬಿಳಿ ಗೆರೆಯ ಒಳಗೆ, ಜಗತ್ತಿನಲ್ಲಿ ಅವಳು ಅತ್ಯಂತ ಹೆದರಿದ್ದ ಮಾತು ಸೀಮೆಸುಣ್ಣದ ಪುಡಿಯಾಗಿ ಕೂತಿತ್ತು, ಊದಿದರೆ ಹಾರುವಷ್ಟು ಹಗುರವಾಗಿ. ಆಮೇಲಿನದು ಇಳಿಜಾರು. ಐದು: ಕ ಅಲ್ಲದಿದ್ದರೂ ಚ ಎಂದು ಎರಡನೆಯ ಸಾಲು, ಕ ಅಲ್ಲ ಎಂದು ನಾಲ್ಕನೆಯದು, ಆದ್ದರಿಂದ ಚ. ಅಮ್ಮ ಇಲ್ಲದಿದ್ದರೂ ಓದುತ್ತೇನೆ, ಆದ್ದರಿಂದ ಓದುತ್ತೇನೆ. ಓದುವುದಿಲ್ಲ ಎಂದು ಇಟ್ಟುಕೊಂಡದ್ದೇ ಓದುತ್ತೇನೆ ಎನ್ನುತ್ತಿದೆ. ಮೂರನೆಯ ಸಾಲೂ ಐದನೆಯ ಸಾಲೂ ಒಂದರ ಜುಟ್ಟು ಒಂದು ಹಿಡಿದುಕೊಂಡವು. ಅವಳು ಸೀಮೆಸುಣ್ಣವನ್ನು ಅಡ್ಡ ಎಳೆದು ಪೆಟ್ಟಿಗೆ ಮುಚ್ಚಿದಳು. ದಾರದ ತುದಿಯನ್ನು ಹಿಡಿದು ಎಳೆದ ಹಾಗೆ ಇತ್ತು, ಸರ್ರನೆ, ಒಂದೇ ಎಳೆಯಾಗಿ. ಆರು. ಗೆರೆಯ ಹೊರಗೆ, ಮೊದಲ ಎರಡು ಸಾಲುಗಳ ನೇರಕ್ಕೆ, ಬರೀ ಒಂದಕ್ಷರ: ಚ. ಬಲಗಡೆ, ಎಲ್ಲಿಂದ ಬಂತೆಂದು, ಯಾರೂ ಕೇಳುವ ಮೊದಲೇ ಬರೆದಳು.

ಮೇಷ್ಟ್ರು ಎದ್ದು ಬಂದು ಮೇಲಿನಿಂದ ಕೆಳಕ್ಕೆ ಓದಿದರು, ಮತ್ತೆ ಕೆಳಗಿನಿಂದ ಮೇಲಕ್ಕೆ. ಸೀಮೆಸುಣ್ಣದ ತುದಿಯನ್ನು ನಾಲ್ಕನೆಯ ಸಾಲಿನ ಮೇಲೆ ಇಟ್ಟರು.

"ಈ ಕ ಅಲ್ಲ ಅನ್ನೋದನ್ನ ಈಗ ನಾನು ಹೊರಗೆ ತಗೊಂಡು ಹೋಗಬಹುದಾ?"

"ಆಗಲ್ಲ ಸಾರ್."

"ಯಾಕೆ? ನೀವೇ ಬರೆದಿದ್ದೀರಿ. ನಿಯಮದ ಪ್ರಕಾರವೇ ಬರೆದಿದ್ದೀರಿ."

"ಅದು ಒಳಗಿನದು ಸಾರ್. ಇಟ್ಟುಕೊಂಡದ್ದು ಬಿದ್ದುಹೋಯ್ತು. ಅದನ್ನ ನಂಬ್ಕೊಂಡು ಬಂದದ್ದೆಲ್ಲ ಅದರ ಜೊತೇಲೇ ಹೋಯ್ತು." ತನ್ನ ದನಿ ಹಿಂದಿನ ಗೋಡೆಯವರೆಗೆ ಹೋಗಿ ತಿರುಗಿ ಬಂದದ್ದು ಅವಳಿಗೆ ಕೇಳಿಸಿತು. ಅದು ಇಷ್ಟು ದಪ್ಪವಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಕ ಇದೆಯೋ ಇಲ್ಲವೋ?"

ಅದು ಕೊಕ್ಕೆ ಪ್ರಶ್ನೆ ಎಂದು ಅವಳಿಗೆ ತಿಳಿಯಿತು. ಬೋರ್ಡನ್ನು ಇನ್ನೊಮ್ಮೆ ನೋಡಿದಳು.

"ಅದನ್ನ ಇದು ಹೇಳಲ್ಲ ಸಾರ್," ಎಂದಳು. "ಅದನ್ನ ಮನೆಗೆ ಹೋಗಿಯೇ ನೋಡಬೇಕು."

ಮೇಷ್ಟ್ರು ನಗುವುದನ್ನು ಆ ತರಗತಿಯಲ್ಲಿ ಯಾರೂ ನೋಡಿರಲಿಲ್ಲ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ನರ್ಸಮ್ಮ ನೀರಿನ ಬಾಟಲಿ ಹಿಡಿದು ಎದ್ದಳು. ಉಸಿರು ಸಿಕ್ಕ ಮೇಲೆ ಅವರು ಹೇಳಿದ್ದು ಇಷ್ಟೇ: ಹೆಸರು ಹೋಗುತ್ತದೆ. ಬೆಂಚಿನಿಂದ ಕಂಡಕ್ಟರ್ ಅಂಗೈಯಿಂದ ಹಲಗೆಯನ್ನು ಎರಡು ಸಲ ಬಡಿದು ರೈಟ್, ರೈಟ್ ಎಂದ. ಮತ್ತೆ ಎಲ್ಲರೂ ನಕ್ಕರು, ಬೇಕರಿಯವನೂ ಎದ್ದು ನಕ್ಕ. ಹೋದ ವಾರದ್ದೇ ಬಾಯಿಗಳು, ಅದೇ ಹಲ್ಲುಗಳು. ಈ ನಗುವಿನ ನಡುವೆ ಅವಳು ನಡೆದು ಬಂದು ಕೂತಳು. ಡಸ್ಟರ್ ಹಿಡಿದ ಮೇಷ್ಟ್ರ ಕೈ ಬೋರ್ಡಿನವರೆಗೆ ಹೋಗಿ, ಅಳಿಸದೆ, ಪಕ್ಕದ ಖಾಲಿ ಜಾಗಕ್ಕೆ ಸರಿಯಿತು.

ಬರುವಾಗ ಬೀದಿಯ ನಡುವೆಯೇ ನಡೆದಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದರೂ ಸರಿಯಲಿಲ್ಲ, ಅವನೇ ಸುತ್ತಿ ಹೋದ. ಸಿನೆಮಾ ಮಂದಿರದ ಮೆಟ್ಟಿಲುಗಳನ್ನು ಸುಮ್ಮನೆ ಓಡಿ ಹತ್ತಿ, ಮುಚ್ಚಿದ ಬಾಗಿಲನ್ನು ಮುಟ್ಟಿ, ಓಡಿ ಇಳಿದಳು. ಅಂಗಡಿಯ ಮುಂದೆ ನಿಂತು ಒಳಗೆ ತಲೆ ಹಾಕಿ, ಮಾವ, ಅಂಗಡಿ ನನ್ನದಾಯ್ತು, ಗುಂಡಿ ನಾಳೆ ಹಾಕ್ತೀನಿ, ಎಂದು ಕೂಗಿದಳು. ಒಳಗೆ ಕತ್ತರಿಯ ಸದ್ದು ನಿಂತುಹೋಯಿತು. ಇಲಿ ಕೂಗಿದ್ದನ್ನು ನಂಬಲಾಗದೆ ಮಾವ ಬಾಗಿಲಿಗೆ ಬರುವಷ್ಟರಲ್ಲಿ ಅವಳು ತಿರುವು ದಾಟಿದ್ದಳು.

ಅಮ್ಮ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಇದ್ದಳು. ಅವಳು ಹೊಸಿಲ ಮೇಲೆ ನಿಂತು ಅದನ್ನು ಕಣ್ತುಂಬ ನೋಡಿಕೊಂಡಳು. ಏನಾಯ್ತು ಎಂದು ಬಾಯಿ ಬಿಟ್ಟು ಹೇಳು, ಮುಖ ನೋಡಿ ತಿಳಿದುಕೊಳ್ಳಲು ನನ್ನ ಕನ್ನಡಕ ಎಲ್ಲೋ ಬಿದ್ದಿದೆ, ಎಂದಳು ಅಮ್ಮ. ಅವಳು ಮಂಚದ ಅಂಚಿನಲ್ಲಿ ಕೂತು, ಮಾತ್ರೆ ಬಿಡಿಸಿ ಕೊಡುತ್ತ, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಯಾವ ಸಾಲನ್ನೂ ನುಂಗಲಿಲ್ಲ.

"ಮಧ್ಯದಲ್ಲಿ ಒಂದು ಕಡೆ ನೀನಿಲ್ಲ ಅಂತ ಬರೆದೆ ಅಮ್ಮ."

ಅಮ್ಮ ಮಾತ್ರೆಯನ್ನು ನೀರಿನೊಂದಿಗೆ ನುಂಗಿದಳು. ಲೋಟವನ್ನು ಎಡಗೈಯಲ್ಲೇ ಹಿಡಿದುಕೊಂಡಿದ್ದಳು.

"ಆಮೇಲೆ ಕಿತ್ತೆಯಾ?"

"ಕಿತ್ತೆ."

"ಪೂರ್ತಿ? ಚೂರುಪಾರು ಉಳಿದಿಲ್ಲ ತಾನೆ?"

"ಒಂದೇ ಎಳೆಯಾಗಿ ಬಂತು."

"ಹಾಗೆ ಬಂದ್ರೆ ಹೊಲಿಗೆ ಸರಿಯಾಗಿತ್ತು ಅಂತ ಅರ್ಥ," ಎಂದಳು ಅಮ್ಮ. ಲೋಟ ಕೆಳಗಿಟ್ಟು, ಮಗಳ ತೋಳಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಕನ್ನಡಕವಿಲ್ಲದೆಯೂ ಆ ಕಣ್ಣಿಗೆ ಕಾಣುವುದು ಕಂಡೇ ಕಾಣುತ್ತಿತ್ತು. ಎಡಗೈ ಚಾಚಿ, ಮಧ್ಯಾಹ್ನದಿಂದ ಅಲ್ಲಿ ಅಂಟಿಕೊಂಡಿದ್ದ ಒಂದು ಬಿಳಿ ದಾರದ ತುಂಡನ್ನು ಉಗುರಿನಲ್ಲಿ ಹಿಡಿದು ತೆಗೆದಳು, ಬೆರಳುಗಳ ನಡುವೆ ಉಂಡೆ ಮಾಡಿದಳು, ಕಿಟಕಿಯ ಹೊರಗೆ ಚಿಮ್ಮಿದಳು.

"ಈಗ ಸರಿ," ಎಂದಳು. "ಹೋಗು, ಓದಿಕೋ."